ಲಗಮಪ್ಪ ಹೊತ್ತ ಹನ್ನೊಂದು ಮಂದಿ

ದಾಂಡೇಲಿಯ ಹೊಳೆ ಓಣಿಯ ಲಗಮಪ್ಪ ಯಾವುದಕ್ಕೂ ಅಂಜುವವನಲ್ಲ. ಈ ಮಾತನ್ನು ಅವನೇ ಹೇಳಿದ್ದಾನೆ, ಆದ್ದರಿಂದ ನಂಬಲೇಬೇಕು. ಜಿರಲೆಗೆ ಅವನು ಅಂಜುವುದಿಲ್ಲ, ಹೇಸುತ್ತಾನೆ ಅಷ್ಟೆ. ಕಂಡರೆ ಮಂಚದ ಮೇಲೆ ಹತ್ತಿ ನಿಲ್ಲುವುದು ಆ ಕಾರಣಕ್ಕೆ. ಇಂಜೆಕ್ಷನ್ನಿಗೂ ಅಂಜುವುದಿಲ್ಲ, ಆದರೆ ಈಗಿನ ಡಾಕ್ಟರರ ಕೈ ಮೇಲೆ ಅವನಿಗೆ ಭರವಸೆ ಸಾಲದು. ಕುಕ್ಕರು ಸೀಟಿ ಹೊಡೆಯುವ ಮೊದಲೇ ಎದ್ದು ಅಂಗಳಕ್ಕೆ ಹೋಗುವುದು ತಣ್ಣಗಿನ ಗಾಳಿಗೆ. ಇವಿಷ್ಟನ್ನು ಬಿಟ್ಟರೆ ಎದೆ ಅಂದರೆ ಕರಿಕಲ್ಲು.

ವಯಸ್ಸು ಎಪ್ಪತ್ತು. ಹರೆಯದಲ್ಲಿ ಬೈಲಹೊಂಗಲದ ಕಡೆಯಿಂದ ಒಂದು ಟ್ರಂಕು ಹೊತ್ತು ಬಂದು, ಕಾಗದದ ಮಿಲ್ಲಿನಲ್ಲಿ ಬಿದಿರು ಕತ್ತರಿಸುವ ಯಂತ್ರದ ಮುಂದೆ ಮೂವತ್ತಾರು ವರ್ಷ ನಿಂತು, ಕೊನೆಗೆ ಒಂದು ಹಾರ, ಒಂದು ಗೋಡೆ ಗಡಿಯಾರ ಇಸಿದುಕೊಂಡು ಮನೆ ಸೇರಿದವನು. ಹಾರ ಮರುದಿನವೇ ಬಾಡಿತು. ಗಡಿಯಾರ ಮಾತ್ರ ನಡುಮನೆಯ ಗೋಡೆಯ ಮೇಲೆ ದೇವರ ಫೋಟೋಕ್ಕಿಂತ ಒಂದು ಗೇಣು ಎತ್ತರದಲ್ಲಿದೆ. ಅದನ್ನು ಒರೆಸುವ ಅಧಿಕಾರ ಮನೆಯಲ್ಲಿ ಇನ್ನೊಬ್ಬರಿಗಿಲ್ಲ.

ಲಗಮಪ್ಪನಿಗೆ ಒಂದೇ ಒಂದು ಚಿಂತೆ. ಈಗಿನ ಹುಡುಗರು ಕಷ್ಟಕ್ಕೆ ನಿಲ್ಲುವವರಲ್ಲ ಎಂಬುದು. ಕರೆಂಟು ಹೋದರೆ ಇವುಗಳ ಜೀವ ಹೋಗುತ್ತದೆ, ಫೋನಿನ ಚಾರ್ಜು ಇಳಿದರೆ ಇವುಗಳ ಮೋರೆ ಇಳಿಯುತ್ತದೆ ಎಂದು ಓಣಿಯ ನಳದ ಕಟ್ಟೆಯ ಮೇಲೆ ಕೂತು ದಿನಾ ಹೇಳುತ್ತಿದ್ದ. ಮಾತು ಅಲ್ಲಿಗೆ ನಿಂತರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ ಅದರ ಹಿಂದೆಯೇ ಹೊಳೆ ಬಂದ ವರ್ಷದ ಕಥೆ ಬರುತ್ತಿತ್ತು.

ನಲವತ್ತು ವರ್ಷದ ಹಿಂದೆ ಒಂದು ಶ್ರಾವಣದಲ್ಲಿ ಕಾಳಿ ಹೊಳೆ ಓಣಿಯೊಳಗೆ ನುಗ್ಗಿತ್ತು. ಅದು ಖರೆ. ಆಗ ಲಗಮಪ್ಪ ಜನರನ್ನು ಹೆಗಲ ಮೇಲೆ ಹೊತ್ತು ಗುಡ್ಡ ಹತ್ತಿಸಿದನಂತೆ. ಕಥೆ ಹೊಸದಿದ್ದಾಗ ಮೂರು ಮಂದಿಯನ್ನು ಹೊತ್ತಿದ್ದ. ಮಗ ರುದ್ರೇಶನ ಮದುವೆಯ ಹೊತ್ತಿಗೆ ಅವರು ಏಳಾದರು. ನಿವೃತ್ತಿಯಾದ ಮೇಲೆ ಪುರಸೊತ್ತು ಹೆಚ್ಚಿ ಹನ್ನೊಂದು ಮಂದಿಯಾದರು. ಹೋದ ದೀಪಾವಳಿಗೆ ಒಂದು ಎಮ್ಮೆಯ ಕರುವೂ ಬಂದು ಸೇರಿಕೊಂಡಿತು. ಈ ಕಥೆ ಶುರುವಾದಾಗೆಲ್ಲ ಹೆಂಡತಿ ಕೆಂಚವ್ವ ಎದ್ದು ಒಳಗೆ ಹೋಗಿ ಭಾಂಡೆ ತಿಕ್ಕುತ್ತಿದ್ದಳು. ಈಗ ಮೊಣಕಾಲು ಎರಡೂ ಹೋಗಿ, ಹಿಡಿದು ಎಬ್ಬಿಸದೆ ಏಳಲಾರಳು. ಹಾಗಾಗಿ ಕೂತಲ್ಲೇ ಸೆರಗಿನ ಅಂಚನ್ನು ನೆಟ್ಟಗೆ ಮಾಡುತ್ತಾಳೆ. ಏನೂ ಅನ್ನುವುದಿಲ್ಲ.

ಇಂಥ ಧೀರನನ್ನು ಊರು ಮರೆಯುತ್ತದೆಯೇ? ಹಿರಿಯರ ಬಳಗದ ಅಧ್ಯಕ್ಷರಾದ ಶಿವಯೋಗಿ ಮಾಸ್ತರರು ಆ ಗುರುವಾರ ಸಂಜೆ ಸಮುದಾಯ ಭವನದಲ್ಲಿ ಒಂದು ಸಭೆ ಇಟ್ಟರು. ವಿಷಯ, ‘ಕಷ್ಟಕಾಲಕ್ಕೆ ಗಟ್ಟಿ ಯಾರು, ಹಿರಿಯರೋ ಕಿರಿಯರೋ’. ಮುಖ್ಯ ಭಾಷಣ ಲಗಮಪ್ಪನದು. ಶಾಲು ಉಂಟು, ತೆಂಗಿನಕಾಯಿ ಉಂಟು. ಭಾಷಣವನ್ನು ಅವನು ಹೇಳಿದ, ಮೊಮ್ಮಗಳು ಸಹನಾ ವಹಿಯ ಹಾಳೆಯಲ್ಲಿ ಬರೆದುಕೊಂಡಳು. ಹತ್ತೊಂಬತ್ತರ ಹುಡುಗಿ, ಹಳಿಯಾಳದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಬರುವವಳು. ಹನ್ನೊಂದು ಮಂದಿ ಎಂಬಲ್ಲಿ ಪೆನ್ನು ನಿಲ್ಲಿಸಿ, ನಾನು ಸಣ್ಣಾಕಿ ಇದ್ದಾಗ ಏಳು ಇದ್ದರಲ್ಲ ಅಜ್ಜಾ ಎಂದು ಕೇಳಿದಳು. ಬರೀ ಅಂದರೆ ಬರೀಬೇಕು ಎಂದ ಲಗಮಪ್ಪ.

ಬುಧವಾರ ಸಂಜೆ ಮಿಲ್ಲಿನ ವಾಚಮನ್ ದ್ಯಾಮಪ್ಪ ಬಂದು ಇನ್ನೊಂದು ಕಾಗದ ಕೊಟ್ಟು ಹೋದ. ಓಣಿಯ ಪದ್ಧತಿಯೇ ಹಾಗೆ. ಮಿಲ್ಲಿನವರದಾಗಲಿ, ನಗರಸಭೆಯದಾಗಲಿ, ಓಣಿಗೊಂದು ಕಾಗದ ಬಂದರೆ ಹಿರಿಯನಾದ ಲಗಮಪ್ಪನ ಕೈಗೆ ಕೊಡುವುದು, ಅವನು ನಳದ ಕಟ್ಟೆ ಹತ್ತಿ ಹೆಂಗಸರ ಕೊಡಗಳ ಗದ್ದಲ ನಿಲ್ಲಿಸಿ ದೊಡ್ಡ ದನಿಯಲ್ಲಿ ಓದುವುದು. ಅವತ್ತು ಮಾತ್ರ ಅವನ ಚಾಳೀಸು ಕಡ್ಡಿ ಮುರಿದು ಬಿದ್ದಿತ್ತು. ಚಾಳೀಸು ಇಲ್ಲದೆ ಕಣ್ಣು ಕಾಣುವುದಿಲ್ಲ ಎಂದು ದ್ಯಾಮಪ್ಪನ ಮುಂದೆ ಒಪ್ಪುವುದು ಹೇಗೆ? ಕಾಗದವನ್ನು ಮೇಲಿನಿಂದ ಕೆಳಗೆ ನೋಡಿ, ಎರಡು ಸಲ ತಲೆಯಾಡಿಸಿ, ಆತು ನಡಿ ಎಂದು ಹೇಳಿ, ನಾಲ್ಕು ಮಡಿಕೆ ಮಾಡಿ, ಗೂಟಕ್ಕೆ ಹಾಕಿದ್ದ ಮದುವೆಯ ಕರಿ ಕೋಟಿನ ಕಿಸೆಗೆ ತುರುಕಿದ. ಅದೇ ಕಿಸೆಯಲ್ಲಿ ಅದೇ ನಾಲ್ಕು ಮಡಿಕೆಯಲ್ಲಿ ಭಾಷಣವೂ ಇತ್ತು. ದ್ಯಾಮಪ್ಪ ತಂಗಿಯ ಮನೆಗೆಂದು ಮುಂಡಗೋಡ ತಾಲೂಕಿನ ಪಾಳಾಕ್ಕೆ ಹೋದ. ಲಗಮಪ್ಪ ಕಾಗದವನ್ನು ಮರೆತ. ಆ ಕಾಗದದಲ್ಲಿ ಏನಿತ್ತೆಂದು ಈಗಲೇ ಹೇಳಿದರೆ ಹೊಳೆ ಓಣಿಯ ಮಾನವಾದರೂ ಉಳಿದೀತು, ಕಥೆ ಉಳಿಯುವುದಿಲ್ಲ.

ಗುರುವಾರ ಬೆಳಿಗ್ಗೆ ಮಳೆ ಬೋರ್ಗರೆಯುತ್ತಿತ್ತು. ಶಾಲೆ ಕಾಲೇಜುಗಳಿಗೆ ರಜೆ ಕೊಟ್ಟಿದ್ದರು. ಮಳೆಗೆ ರಜೆಯೇ ಎಂದು ಲಗಮಪ್ಪ ನಾಲ್ಕು ಸಲ ನಕ್ಕ. ತಮ್ಮ ಕಾಲಕ್ಕೆ ಹಳ್ಳ ಈಜಿ ಸಾಲೆಗೆ ಹೋಗುತ್ತಿದ್ದೆವು ಎಂದ. ಬೈಲಹೊಂಗಲದ ಅವನ ಸಾಲೆಯ ಹಾದಿಯಲ್ಲಿ ಹಳ್ಳವೇ ಇರಲಿಲ್ಲ ಎಂಬುದು ಬೇರೆ ಮಾತು. ರುದ್ರೇಶ ಟೆಂಪೊ ಹೊಡೆದುಕೊಂಡು ಬೆಳಗಾವಿಗೆ ಹೋಗಿದ್ದ, ಸೊಸೆ ಜ್ಯೋತಿ ಜೊಯಿಡಾ ರಸ್ತೆಯ ರೆಸಾರ್ಟಿಗೆ ಅಡುಗೆ ಕೆಲಸಕ್ಕೆ. ಮನೆಯಲ್ಲಿ ಮೂವರೇ. ಹಿಂದಿನ ದಿನದಿಂದಲೇ ನೆಟ್‌ವರ್ಕ್ ಹೋಗಿ ಸಹನಾಳ ಫೋನು ಮೂಲೆಯಲ್ಲಿ ಸತ್ತಂತೆ ಬಿದ್ದಿತ್ತು. ಅವಳು ಆಯಿ ಕೆಂಚವ್ವನ ಮೊಣಕಾಲಿಗೆ ಬಿಸಿ ಎಣ್ಣೆ ತಿಕ್ಕುತ್ತಿದ್ದಳು. ಲಗಮಪ್ಪ ಕೋಟು ತೊಟ್ಟು ಕನ್ನಡಿಯ ಮುಂದೆ ಭಾಷಣದ ತಾಲೀಮು ನಡೆಸಿದ್ದ. ‘ಹಿರಿಯರು ಅಂದರೆ ಬಂಡೆಗಲ್ಲು’ ಎಂಬ ಜಾಗಕ್ಕೆ ಬಂದು ಎದೆ ತಟ್ಟಿಕೊಂಡ.

ಆಗ ಮಿಲ್ಲಿನ ಭೋಂಗಾ ಊದಿತು.

ಮಿಲ್ಲಿನ ಊರಿನಲ್ಲಿ ಭೋಂಗಾ ಎಂದರೆ ಹೊತ್ತು ಗೊತ್ತಿನ ಮಾತು. ಪಾಳಿ ಬದಲಾಗುವಾಗ ಒಮ್ಮೆ ಊದುತ್ತದೆ, ಹೆಂಗಸರು ಅನ್ನಕ್ಕಿಡುತ್ತಾರೆ, ಗಂಡಸರು ಡಬ್ಬಿ ಹಿಡಿಯುತ್ತಾರೆ. ಆದರೆ ಈಗ ಹೊತ್ತು ಹನ್ನೊಂದು. ಇದು ಯಾವ ಪಾಳಿಯೂ ಅಲ್ಲ. ಮೇಲಾಗಿ ದನಿ ಬೇರೆ. ಏರಿತು, ಇಳಿಯಿತು, ಮತ್ತೆ ಏರಿತು, ನಿಲ್ಲಲಿಲ್ಲ. ಲಗಮಪ್ಪನ ಕೈ ಎದೆಯ ಮೇಲೆಯೇ ಉಳಿಯಿತು. ಭೋಂಗಾದ ಭಾಷೆ ತನಗೊಬ್ಬನಿಗೇ ಗೊತ್ತೆಂದು ಓಣಿಗೆಲ್ಲ ಕಲಿಸಿದವನು ಅವನೇ. ಒಂದು ಉದ್ದ ಊದಿದರೆ ಪಾಳಿ, ಮೂರು ಗಿಡ್ಡ ಊದಿದರೆ ಬೆಂಕಿ, ಬಿಡದೆ ಊದಿದರೆ ನೀರು. ಅಥವಾ ಬಿಡದೆ ಊದಿದರೆ ಬೆಂಕಿಯೋ? ನೆನಪು ಕೈ ಕೊಟ್ಟಿತು. ಕಿಟಕಿಯಲ್ಲಿ ನೋಡಿದ. ಹೊಳೆ ಕೆಂಪಗೆ ದಂಡೆ ಮುಟ್ಟಿ ಹರಿಯುತ್ತಿತ್ತು. ಮೇಲೆ ಅಣೆಕಟ್ಟು ತುಂಬಿದೆ ಎಂದು ನಿನ್ನೆಯೇ ಯಾರೋ ಅಂದಿದ್ದರು. ತುಂಬಿದ್ದು ಒಡೆದಿದೆ. ಅಷ್ಟೆ, ಬೇರೆ ಏನು ಇರಲು ಸಾಧ್ಯ?

ಅವನ ನಾಲಿಗೆ ಒಣಗಿತು. ಆಮೇಲೆ ಏನಾಯಿತೆಂದು ಅವನಿಗೆ ಸರಿಯಾಗಿ ತಿಳಿಯದು. ಓಣಿಯವರು ಕಂಡದ್ದಿಷ್ಟು. ಕರಿ ಕೋಟು, ಪಟ್ಟೆಪಟ್ಟೆ ಚಡ್ಡಿಯ ಲಗಮಪ್ಪ ಕಾಕಾ ಬಗಲಲ್ಲಿ ಗೋಡೆ ಗಡಿಯಾರ ಅವುಚಿಕೊಂಡು, ಮಳೆಯಲ್ಲಿ ಬರಿಗಾಲಲ್ಲಿ ಗುಡ್ಡದ ಕಡೆಗೆ ಓಡುತ್ತಿದ್ದ.

“ಡ್ಯಾಮ್ ಒಡದೈತಿ. ಜೀವ ಬೇಕಾದವ್ರು ಗುಡ್ಡ ಹತ್ರಿ.”

ಭೋಂಗಾದ ಭಾಷೆ ಬಲ್ಲವನೇ ಓಡುತ್ತಿರುವಾಗ ಉಳಿದವರು ನಿಲ್ಲುವುದುಂಟೇ? ಹೊಳೆ ಓಣಿ ಅಂಗೈಯಲ್ಲಿ ಜೀವ ಹಿಡಿದು ಎದ್ದಿತು. ಪಕ್ಕದ ಮನೆಯ ಪುಂಡಲೀಕ ಗ್ಯಾಸ್ ಸಿಲಿಂಡರು ಹೊತ್ತ. ಅದು ತುಂಬಿದ್ದೆಂದು ಅರ್ಧ ಗುಡ್ಡ ಹತ್ತಿದ ಮೇಲೆ ತಿಳಿಯಿತು. ಸತ್ತೆವ್ವ ಮುದುಕಿ ಅರ್ಧ ಬೆಂದ ಹೋಳಿಗೆಯ ಹಂಚು ಹಿಡಿದು ಬಂದಳು. ಒಬ್ಬ ಒಂದೇ ಕಾಲಿನ ಬೂಟು ತಂದ. ಮೇಲಿನ ಓಣಿಯ ಮೂಲಕ ಹಾಯುವಾಗ ಅಲ್ಲಿಯವರು ಬಾಗಿಲಲ್ಲಿ ಕೂತು ಅವಲಕ್ಕಿ ತಿನ್ನುತ್ತಿದ್ದರು. ಇವರ ಮೆರವಣಿಗೆಯನ್ನು ನೋಡಿ ಅವರ ಕೈ ಬಾಯಿಯ ಹತ್ತಿರವೇ ನಿಂತಿತು. ಇವರಿಗೆ ಅವರ ಮೇಲೆ ಕನಿಕರ ಬಂತು. ಪಾಪ, ಇನ್ನು ಅರ್ಧ ತಾಸಿನಲ್ಲಿ ತೇಲುವವರು.

ಗುಡ್ಡದ ನೆತ್ತಿಯಲ್ಲಿ ಊರಿಗೆ ನೀರು ಬಿಡುವ ದೊಡ್ಡ ಟಾಕಿ ಇದೆ. ನೀರಿಗೆ ಅಂಜಿ ಓಡಿದವರೆಲ್ಲ ಹೋಗಿ ಲಕ್ಷಗಟ್ಟಲೆ ಲೀಟರ್ ನೀರಿನ ಅಡಿಯಲ್ಲೇ ನಿಂತರು. ಭೋಂಗಾ ನಿಂತಿತ್ತು. ಎಲ್ಲರೂ ಕೆಳಗೆ ನೋಡುತ್ತ ನೀರಿಗಾಗಿ ಕಾದರು. ಕಾಕಾ ಇರದಿದ್ದರೆ ನಾವು ಇಷ್ಟು ಹೊತ್ತಿಗೆ ಮೀನಿನ ಪಾಲು ಎಂದು ಒಬ್ಬರು ಅಂದರು. ಹನ್ನೊಂದಲ್ಲ, ಇವತ್ತು ಅರವತ್ತು ಮಂದಿಯನ್ನು ಉಳಿಸಿದ ಎಂದು ಇನ್ನೊಬ್ಬರು. ಲಗಮಪ್ಪನ ಉಸಿರು ಹಿಂದಿರುಗಿತು, ಎದೆ ತುಸು ಮುಂದೆ ಬಂತು. ಈಗಿನ ಹುಡುಗರಾಗಿದ್ದರೆ ಫೋನು ಹುಡುಕುತ್ತ ಕೂಡುತ್ತಿದ್ದರು ಎಂದು ಹೇಳಲು ಬಾಯಿ ತೆರೆದ.

“ಕಾಕಾ, ಕಾಕೂ ಎಲ್ಲಿ?” ಎಂದ ಪುಂಡಲೀಕ.

ತೆರೆದ ಬಾಯಿ ತೆರೆದೇ ಇತ್ತು. ಲಗಮಪ್ಪ ಬಗಲಿನ ಗಡಿಯಾರ ನೋಡಿದ. ಗಾಜಿನ ಮೇಲೆ ಮಳೆಯ ಹನಿ, ಒಳಗೆ ಹನ್ನೊಂದೂ ಇಪ್ಪತ್ತು. ಏಳಲಾರದ ಕೆಂಚವ್ವ ಮಂಚದ ಮೇಲೆ ಕೂತಿದ್ದಾಳೆ, ಮೊಣಕಾಲಿಗೆ ಎಣ್ಣೆ ಹಚ್ಚಿಸಿಕೊಂಡು. ಅವಳ ಪಕ್ಕದಲ್ಲೇ ಹಾಯ್ದು, ಅವಳ ತಲೆಯ ಮೇಲೆ ಕೈ ಚಾಚಿ ಗೋಡೆಯಿಂದ ಗಡಿಯಾರ ಇಳಿಸಿಕೊಂಡು ಬಂದಿದ್ದಾನೆ ಅವನು. ಈಗ ನೆನಪಾಯಿತು. ಇಳಿಸುವಾಗ ಅವಳು, ಏನಾತ್ರೀ, ಎಂದು ಕೇಳಿದ್ದೂ ನೆನಪಾಯಿತು.

ಹೋಗಿ ಕರೆತರಬೇಕು. ಹೋದ. ಹತ್ತು ಹೆಜ್ಜೆ ಇಳಿದ. ಕೆಳಗೆ ಯಾವುದೋ ಲಾರಿ ಹಾರ್ನ್ ಹೊಡೆಯಿತು; ಹನ್ನೆರಡು ಹೆಜ್ಜೆ ಹತ್ತಿದ. ಮತ್ತೆ ಇಳಿದ. ಈ ಸಲ ಗುಡುಗಿತು. ಕಾಲುಗಳು ಅವನವೇ, ಆದರೆ ಮಾತು ಕೇಳುವ ಸ್ಥಿತಿಯಲ್ಲಿ ಇರಲಿಲ್ಲ. ಕಣ್ಣಲ್ಲಿ ನೀರು ತುಂಬಿ ಬಂತು, ಮಳೆ ಇದ್ದದ್ದು ಒಳ್ಳೆಯದಾಯಿತು. ಕಾಕೂನ ಎಲ್ಲಿ ಬಿಟ್ಟೆ ಎಂದು ನಾಲ್ಕು ಜನ ನಾಲ್ಕು ಕಡೆಯಿಂದ ಕೇಳತೊಡಗಿದಾಗ, ಮಾನಕ್ಕೆ ಅಂಜಿ, ಅವಳು ಹಳಿಯಾಳಕ್ಕೆ ತಮ್ಮನ ಮನೆಗೆ ಹೋಗಿದ್ದಾಳೆ ಎಂದುಬಿಟ್ಟ. ಹೇಳಿದ ಮೇಲೆ ಹೋಗುವಂತೆಯೂ ಇಲ್ಲ, ಕೂಗುವಂತೆಯೂ ಇಲ್ಲ. ಮಾತು ಮನೆ ಕೆಡಿಸಿತು ಅನ್ನುವುದು ಇದಕ್ಕೇ.

ನೀರಿನ ಬದಲು ಪೊಲೀಸ್ ಫೌಜದಾರರ ಜೀಪು ಬಂತು. ಅರವತ್ತು ಜನ, ಒಂದು ಸಿಲಿಂಡರು, ಒಂದು ಹೋಳಿಗೆಯ ಹಂಚನ್ನು ಅವರು ಒಂದೊಂದಾಗಿ ನೋಡಿದರು. ಯಾರ ಮದುವೆ ಎಂದು ಕೇಳಿದರು. ವಿಷಯ ತಿಳಿದ ಮೇಲೆ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು. ಅದು ಹೊಸ ಭೋಂಗಾದ ಪರೀಕ್ಷೆ. ಓಣಿ ಓಣಿಗೂ ಮಿಲ್ಲಿನಿಂದ ಕಾಗದ ಹೋಗಿದೆ. ಬೇರೆ ಎಲ್ಲ ಓಣಿಯವರೂ ಆರಾಮಾಗಿ ಮನೆಯಲ್ಲಿದ್ದಾರೆ. ಹೊಳೆ ಓಣಿಗೆ ಏನು ಧಾಡಿ?

ನಮಗೆ ಯಾವ ಕಾಗದವೂ ಬಂದಿಲ್ಲ ಎಂದು ಓಣಿ ಒಂದೇ ದನಿಯಲ್ಲಿ ಹೇಳಿತು. ಎಲ್ಲರಿಗಿಂತ ದೊಡ್ಡ ದನಿ ಲಗಮಪ್ಪನದು. ಅಂಜಿಕೆ ಸಿಟ್ಟಾಗಿ ತಿರುಗಿದರೆ ಮನುಷ್ಯನಿಗೆ ಎಷ್ಟು ನಿರಾಳ ಎಂಬುದನ್ನು ಅವನು ಆಗ ಕಂಡುಕೊಂಡ. ಬಡವರ ಓಣಿ ಎಂದು ಕಾಗದ ನುಂಗಿದ್ದಾರೆ, ನುಂಗಿದವರು ಯಾರೆಂದು ತನಿಖೆಯಾಗಬೇಕು, ಸಂಜೆಯ ಸಭೆಯಲ್ಲಿ ಮೊದಲು ಇದನ್ನೇ ಎತ್ತುತ್ತೇನೆ, ಸಾಹೇಬರೂ ಬಂದು ಕೇಳಬೇಕು ಎಂದ. ಸಾಹೇಬರು ಬರುತ್ತೇನೆ ಎಂದರು. ತನ್ನ ಗುಂಡಿಯನ್ನು ಇಷ್ಟು ಚೊಕ್ಕವಾಗಿ, ನಾಲ್ಕು ಜನರ ಸಾಕ್ಷಿಯಲ್ಲಿ ತೋಡಿಕೊಂಡವರು ಆ ತಾಲೂಕಿನಲ್ಲಿ ಬೇರೆ ಇರಲಾರರು.

ಹತ್ತುವಾಗ ಹತ್ತು ನಿಮಿಷ ಹಿಡಿದ ಹಾದಿ ಇಳಿಯಲು ಲಗಮಪ್ಪನಿಗೆ ಒಂದು ತಾಸು ಹಿಡಿಯಿತು. ನೀರಾದರೂ ಬರಬಾರದಿತ್ತೇ ಎಂದು ಒಮ್ಮೆ ಅನ್ನಿಸಿ, ಛೀ ಎಂದು ಗಲ್ಲ ಬಡಿದುಕೊಂಡ. ಬಾಗಿಲಲ್ಲಿ ನಿಂತಾಗ ಕೆಂಚವ್ವ ಅದೇ ಮಂಚದ ಮೇಲೆ ಅದೇ ಮಗ್ಗುಲಿಗೆ ಕೂತಿದ್ದಳು. ಮಂಚ ಮಾತ್ರ ಗೋಡೆಯಿಂದ ಜರುಗಿ ಬಾಗಿಲ ಅಡ್ಡ ಬಂದಿತ್ತು. ಎಣ್ಣೆಯ ಬಟ್ಟಲು ಮಗುಚಿ ಬಿದ್ದಿತ್ತು. ಸಹನಾಳ ಕಣ್ಣುಗಳು ಬಾತು ಕೆಂಪಾಗಿದ್ದವು. ಬೈಗುಳಕ್ಕೆ ತಯಾರಾಗಿ ಅವನು ತಲೆ ತಗ್ಗಿಸಿದ.

“ಗಡಿಯಾರ ತೊಯ್ದೈತಿ,” ಎಂದಳು ಕೆಂಚವ್ವ. “ಒರಿಸಿ ಗ್ವಾಡಿಗೆ ಹಾಕ್ರಿ.”

ಅಷ್ಟೇ. ಲಗಮಪ್ಪ ಒರೆಸಿದ, ಹಾಕಿದ. ಮೊಳೆ ಎರಡು ಸಲ ತಪ್ಪಿತು. ಅವಳು ಅನ್ನ ಬಡಿಸಿಕೊಳ್ಳಿ ಎಂದಳು, ಬಡಿಸಿಕೊಂಡ. ಅಷ್ಟರಲ್ಲಿ ಪುಂಡಲೀಕ ಬಾಗಿಲಲ್ಲಿ ಇಣುಕಿ, ಹಳಿಯಾಳದಿಂದ ಯಾವಾಗ ಬಂದಿರಿ ಕಾಕೂ ಎಂದು ಕೇಳಿದ. ಲಗಮಪ್ಪನ ಕೈಯ ತುತ್ತು ತಾಟಿಗೆ ಬಿತ್ತು. ಕೆಂಚವ್ವ ಗಂಡನ ಮೋರೆ ನೋಡಿದಳು. ಎಲ್ಲ ಓದಿಕೊಂಡಳು. ಅದಕ್ಕೆ ಅವಳಿಗೆ ಚಾಳೀಸು ಬೇಕಾಗಿರಲಿಲ್ಲ.

“ಈಗರೆ ಬಂದೆಪಾ,” ಎಂದಳು.

ಪುಂಡಲೀಕ ಹೋದ. ಲಗಮಪ್ಪ ಕೈ ತೊಳೆದ. ಅವಳು ಕಡಗೋಲು ತೆಗೆದುಕೊಂಡು ಬಡಿದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಈ ‘ಈಗರೆ ಬಂದೆ’ಯನ್ನು ಹೊರುವುದು ಹನ್ನೊಂದು ಮಂದಿಯನ್ನು ಹೊರುವುದಕ್ಕಿಂತ ಭಾರ ಎನ್ನಿಸಿ ಅವನಿಗೆ ಖರೆಖರೆ ಅಂಜಿಕೆ ಹತ್ತಿತು. ನಲವತ್ತೈದು ವರ್ಷ ಜೊತೆಗಿದ್ದವಳು ಇನ್ನು ಮೇಲೆ ತನ್ನನ್ನು ಏನೆಂದು ನೋಡುತ್ತಾಳೆ?

ಐದು ಗಂಟೆಗೆ ಸಮುದಾಯ ಭವನ ತುಂಬಿತು. ಗುಡ್ಡ ಹತ್ತಿದವರೆಲ್ಲ ಬಂದಿದ್ದರು, ಅವರನ್ನು ನೋಡಲು ಹತ್ತದವರೂ ಬಂದಿದ್ದರು. ಕೆಂಚವ್ವನನ್ನು ರಿಕ್ಷಾದಲ್ಲಿ ಕೂಡಿಸಿಕೊಂಡು ಬಂದ ಸಹನಾ ಅವಳಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿದಳು. ಫೌಜದಾರರು ಅದರ ಪಕ್ಕದಲ್ಲಿ ಕೂತರು. ಹಿಂದಿನ ಸಾಲಿನಲ್ಲಿ, ಪಾಳಾದಿಂದ ಆಗ ತಾನೆ ಬಸ್ಸಿಳಿದು ಬಂದ ದ್ಯಾಮಪ್ಪನೂ ಇದ್ದ. ಶಾಲು ಹೊದಿಸಿದರು. ತೆಂಗಿನಕಾಯಿ ಕೊಟ್ಟರು. ಲಗಮಪ್ಪ ಮೈಕಿನ ಮುಂದೆ ನಿಂತ. ಬೆಳಗಿನ ಸಿಟ್ಟನ್ನು ಹೇಗೋ ಎಬ್ಬಿಸಿಕೊಂಡು, ಕಾಗದ ನುಂಗಿದವನನ್ನು ಈ ಸಭೆಯ ಮುಂದೆ ನಿಲ್ಲಿಸಿ ಉಗಿಯಬೇಕು ಎಂದು ಶುರುಮಾಡಿದ. ಚಪ್ಪಾಳೆ ಬಿತ್ತು. ದ್ಯಾಮಪ್ಪ ಎದ್ದು ಏನೋ ಹೇಳಲು ನೋಡಿದ, ಪಕ್ಕದವರು ಅಂಗಿ ಜಗ್ಗಿ ಕೂಡಿಸಿದರು.

ಇನ್ನು ಭಾಷಣ. ಲಗಮಪ್ಪ ಶಿವಯೋಗಿ ಮಾಸ್ತರರ ಚಾಳೀಸು ಇಸಿದುಕೊಂಡು ಏರಿಸಿದ, ಕಿಸೆಯಿಂದ ಕಾಗದ ತೆಗೆದ, ತೊಯ್ದು ಆರಿದ ನಾಲ್ಕು ಮಡಿಕೆ ಬಿಡಿಸಿದ, ನಳದ ಕಟ್ಟೆಯ ಮೇಲಿನ ಅದೇ ದೊಡ್ಡ ದನಿಯಲ್ಲಿ ಓದಿದ.

“ಹೊಳೆ ಓಣಿಯ ಸಮಸ್ತ ನಿವಾಸಿಗಳ ಗಮನಕ್ಕೆ. ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಹೊಸ ಭೋಂಗಾದ ಪರೀಕ್ಷೆ ನಡೆಯುವುದರಿಂದ ಯಾರೂ ಗಾಬರಿಯಾಗಬಾರದು. ಈ ಕಾಗದವನ್ನು ಓಣಿಯ ಹಿರಿಯರು ಎಲ್ಲರಿಗೂ ಓದಿ ಹೇಳತಕ್ಕದ್ದು. ಅಲ್ಲದೆ...”

ಅಲ್ಲಿಗೆ ದನಿ ನಿಂತಿತು. ಮೈಕು ಮಾತ್ರ ಕುಂಯ್ ಎಂದಿತು. ಕೈಯಿಂದ ಕಾಗದ ಜಾರಿ ಮೇಜಿನ ಕೆಳಗೆ ಹೋಯಿತು. ನಿನ್ನೆ ಸಂಜೆ ನಾನೇ ಅವರ ಕೈಯಾಗ ಕೊಟ್ಟಿದ್ದೆ ಎಂದು ದ್ಯಾಮಪ್ಪ ಹಿಂದಿನಿಂದ ವಿನಯವಾಗಿ ತಿಳಿಸಿದ. ಮೊದಲು ನಕ್ಕವರು ಫೌಜದಾರರು. ನಕ್ಕು ನಕ್ಕು ಕೆಮ್ಮು ಹತ್ತಿ ಚಹಾ ಕುಡಿಯಲು ಹೊರಗೆ ಹೋದರು. ಆಮೇಲೆ ಇಡೀ ಸಭೆ ನಕ್ಕಿತು. ಪುಂಡಲೀಕ ಮಾತ್ರ ನಗಲಿಲ್ಲ, ಸಿಲಿಂಡರು ಹೊತ್ತು ಅವನ ನಡು ಹಿಡಿದಿತ್ತು.

ಲಗಮಪ್ಪನಿಗೆ ವೇದಿಕೆ ಬಿಟ್ಟು ಓಡಬೇಕೆನಿಸಿತು. ಓಡುವುದು ಅವನಿಗೆ ಬರುತ್ತಿತ್ತು. ಆದರೆ ಮುಂದಿನ ಸಾಲಿನಲ್ಲಿ ಕೆಂಚವ್ವ ನಗದೆ ಕೂತು ಸೆರಗಿನ ಅಂಚನ್ನು ನೆಟ್ಟಗೆ ಮಾಡುತ್ತಿದ್ದಳು. ಅದನ್ನು ನೋಡಿ ಅವನ ಕಾಲು ನಿಂತಲ್ಲೇ ನಿಂತಿತು. ಅವನು ಮೈಕಿನಲ್ಲೇ ಮೊಮ್ಮಗಳನ್ನು ಕೇಳಿದ.

“ತಂಗೀ, ನಿನಗೂ ಅದು ಪರೀಕ್ಷೆ ಅಂತ ಗೊತ್ತಿರ್ಲಿಲ್ಲ. ನೀ ಯಾಕ ಓಡ್ಲಿಲ್ಲ?”

ಸಹನಾ ಎದ್ದು ನಿಂತಳು. ಅವಳ ಮೋರೆ ನಾಚಿಕೆಯಿಂದ ಕೆಂಪಾಯಿತು. “ಓಡೂಣು ಅಂತ ಭಾಳ ಅನಿಸಿತು ಅಜ್ಜಾ. ಆಯಿನ್ನ ಎತ್ತಾಕ ಆಗ್ಲಿಲ್ಲ, ಮಂಚಾ ಜಗ್ಗಿ ನೋಡಿದೆ, ಬಾಗಲಾ ದಾಟ್ಲಿಲ್ಲ. ಬಿಟ್ಟು ಹೋಗಾಕೂ ಆಗ್ಲಿಲ್ಲ. ಅಂಜಿಕಿ ಬಂದು ಅಳಕೋತ ಅಲ್ಲೇ ಕುಂತೆ.”

ನಗು ನಿಂತಿತು. ಲಗಮಪ್ಪ ಶಾಲು ತೆಗೆದು ಮೇಜಿನ ಮೇಲಿಟ್ಟ. ಹೊಳೆ ಬಂದ ವರ್ಷ ತಾನು ಯಾರನ್ನೂ ಹೊತ್ತಿರಲಿಲ್ಲ ಎಂದು ಹೇಳಿದ. ಹೊತ್ತದ್ದು ಸೀಮೆ ಎಣ್ಣೆಯ ಸ್ಟೋ, ಅದೂ ಹೊಸದಿತ್ತು ಅಂತ. ಗುಡ್ಡದ ಮೇಲೆ ಮೊದಲು ಮುಟ್ಟಿದವನು ತಾನೇ. ಒಂದು ತಾಸಿನ ಮೇಲೆ ಕೆಂಚವ್ವ ಬಂದಳು, ಬಗಲಲ್ಲಿ ವರ್ಷದ ರುದ್ರೇಶ, ಬೆನ್ನ ಮೇಲೆ ತನ್ನ ತಾಯಿ, ಅಂದರೆ ಅವಳ ಅತ್ತೆ. ಆವತ್ತೂ ಇವಳು ಯಾರ ಮುಂದೆಯೂ ಏನೂ ಅನ್ನಲಿಲ್ಲ. ಅನ್ನದೇ ಇದ್ದುದಕ್ಕೆ ತನ್ನ ಬಾಯಿ ಬೆಳೆಯಿತು. ಹನ್ನೊಂದು ಮಂದಿ ಹುಟ್ಟಿದ್ದು ಹಾಗೆ, ಎಮ್ಮೆಯ ಕರು ಆಮೇಲೆ.

“ಆಗ ಸ್ಟೋ, ಈಗ ಗಡಿಯಾರ,” ಎಂದಳು ಕೆಂಚವ್ವ ಕೂತಲ್ಲಿಂದಲೇ. “ನಲವತ್ತು ವರ್ಷದಾಗ ಸುಧಾರಣಾ ಆಗೇತಿ.”

ಸಭೆಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಶಿವಯೋಗಿ ಮಾಸ್ತರರು ಹಾಗಾದರೆ ಗಟ್ಟಿ ಹಿರಿಯರೋ ಕಿರಿಯರೋ, ಸಭೆಯ ತೀರ್ಮಾನ ಏನು ಬರೆದುಕೊಳ್ಳಲಿ ಎಂದು ಕೇಳಲು ಎದ್ದರು.

ಆಗ ಭೋಂಗಾ ಊದಿತು.

ಹೊತ್ತು ಐದೂವರೆ. ಅದೇ ಏರುವ, ಇಳಿಯುವ, ನಿಲ್ಲದ ದನಿ. ಸಭೆ ಕಲ್ಲಾಯಿತು. ಪುಂಡಲೀಕನ ಮೋರೆ ಬಿಳಚಿತು. ಪರೀಕ್ಷೆ ಬೆಳಿಗ್ಗೆಯೇ ಮುಗೀತು, ಅಂದಮೇಲೆ ಇದು ಖರೇದು ಎಂದ. ಆ ತರ್ಕದ ಮುಂದೆ ನಿಲ್ಲುವವರು ಯಾರೂ ಇರಲಿಲ್ಲ. ಕುರ್ಚಿಗಳು ಉರುಳಿದವು. ಮಾಸ್ತರರು ತೀರ್ಮಾನದ ವಹಿಯನ್ನು ತಲೆಯ ಮೇಲೆ ಹಿಡಿದು ಕಿಟಕಿಯಿಂದ ಇಳಿದರು.

ಲಗಮಪ್ಪನ ನಾಲಿಗೆ ಒಣಗಿತು, ಬೆಳಿಗ್ಗೆ ಆದದ್ದೆಲ್ಲ ಅದೇ ಕ್ರಮದಲ್ಲಿ ಆಯಿತು. ಕೈ ತನ್ನಷ್ಟಕ್ಕೇ ತೆಂಗಿನಕಾಯಿಯ ಕಡೆಗೆ ಹೋಯಿತು. ಹೋಗಿ ನಿಂತಿತು. ಅವನು ವೇದಿಕೆಯಿಂದ ಧುಮುಕಿದ, ಬಿದ್ದ, ಎದ್ದ, ಎದುರಿಗೆ ಹರಿದು ಬರುವ ಜನರ ನಡುವೆ ಮೊಣಕೈ ಹಾಕಿಕೊಂಡು ಮುಂದಿನ ಸಾಲಿಗೆ ಬಂದು ಕೆಂಚವ್ವನ ಬಗಲಿಗೆ ಕೈ ಕೊಟ್ಟು ಎತ್ತಿದ. ಏಳಲಿಲ್ಲ. ಮತ್ತೆ ಎತ್ತಿದ. ಎಪ್ಪತ್ತರ ತೋಳು, ಎಷ್ಟು ಎತ್ತೀತು? ಅವನ ಬಾಯಿಂದ ಶಿವಶಿವಾ ಎಂಬ ದನಿ ಹೊರಟಿತು. ಅಷ್ಟರಲ್ಲಿ ಇನ್ನೊಂದು ಬಗಲಿಗೆ ಸಹನಾ ಕೈ ಕೊಟ್ಟಳು. ಕೆಂಚವ್ವ ಹೂವಿನ ಹಾಗೆ ಮೇಲೆದ್ದಳು.

ಇಬ್ಬರೂ ಅಳುತ್ತಿದ್ದರು, ಆದರೆ ಹೊತ್ತರು. ಭವನದ ಮೆಟ್ಟಿಲು ಇಳಿದರು, ಗಟಾರು ದಾಟಿದರು, ಗುಡ್ಡದ ಏರನ್ನು ಅರ್ಧ ಹತ್ತಿದರು. ಕೆಂಚವ್ವ ಏನೋ ಹೇಳುತ್ತಿದ್ದಳು, ಭೋಂಗಾದ ಗದ್ದಲದಲ್ಲಿ ಯಾರು ಕೇಳಬೇಕು? ಹಿಂದಿನಿಂದ ದ್ಯಾಮಪ್ಪ ಓಡಿ ಬಂದ, ಕೈಯಲ್ಲಿ ಮೇಜಿನ ಕೆಳಗೆ ಬಿದ್ದಿದ್ದ ಕಾಗದ. ಏದುಸಿರಿನಲ್ಲೇ ಕೊನೆಯ ಸಾಲು ಓದಿದ. ಅಲ್ಲದೆ, ಸಂಜೆ ಐದೂವರೆಗೆ ಮತ್ತೊಮ್ಮೆ ಪರೀಕ್ಷೆ ನಡೆಯುವುದು.

ಲಗಮಪ್ಪ ಏರಿನ ನಡುವೆ ನಿಂತ. ಭೋಂಗಾ ನಿಂತಿತು. ಮಳೆ ಒಂದೇ ಸುರಿಯುತ್ತಿತ್ತು.

“ಕೇಳಿದ್ರಲ್ಲಾ, ಇಳಸ್ರಿ ನನ್ನ,” ಎಂದಳು ಕೆಂಚವ್ವ. “ಗಡಿಯಾರ ಆಗಿದ್ರ ಗ್ವಾಡಿಗೆ ಹಾಕ್ತಿದ್ರಿ. ನನ್ನ ಎಲ್ಲಿ ಹಾಕಾವ್ರು?”

ಅವನು ಇಳಿಸಲಿಲ್ಲ. ಸಹನಾಳೂ ಬಿಡಲಿಲ್ಲ. ಹಾಗೆಯೇ ಹೊತ್ತುಕೊಂಡು, ದಾರಿಯಲ್ಲಿ ಎರಡು ಕಡೆ ಕಟ್ಟೆಯ ಮೇಲೆ ಕೂಡಿಸಿ ಸುಧಾರಿಸಿಕೊಂಡು, ಓಣಿಯವರೆಲ್ಲ ನೋಡುವಂತೆ ಮನೆ ಮುಟ್ಟಿಸಿದರು. ಎಲ್ಲಾರೂ ನ್ವಾಡಾಕತ್ತಾರ, ಬಿಡ್ರಿ ಎಂದು ಕೆಂಚವ್ವ ಬೈಯುತ್ತಲೇ ಬಂದಳು, ಆದರೆ ಗಂಡನ ಕೊರಳಿಗೆ ಹಾಕಿದ ಕೈ ತೆಗೆದಿರಲಿಲ್ಲ.

ಈಗಲೂ ನಳದ ಕಟ್ಟೆಯ ಮೇಲೆ ಲಗಮಪ್ಪ ಕೂಡುತ್ತಾನೆ. ಹೊಸ ಚಾಳೀಸು ಬಂದಿದೆ, ಬಂದ ಕಾಗದವನ್ನು ಕೊನೆಯ ಸಾಲಿನತನಕ ಎರಡು ಸಲ ಓದುತ್ತಾನೆ. ಕೊಡ ತುಂಬಲು ಬಂದ ಚಾಷ್ಟಿಯ ಹುಡುಗರು, ಕಾಕಾ, ಒಟ್ಟು ಎಷ್ಟು ಮಂದಿನ್ನ ಹೊತ್ರಿ ಎಂದು ಕೇಳದೆ ಬಿಡುವುದಿಲ್ಲ.

“ಅರ್ಧಾ ಮಂದಿನ್ನ,” ಎನ್ನುತ್ತಾನೆ ಲಗಮಪ್ಪ. “ಇನ್ನರ್ಧಾ ನಮ್ಮ ಸಹನಾ ಹೊತ್ತಳು.”

ವರ್ಷವಾಯಿತು. ಆ ಸಂಖ್ಯೆ ಇನ್ನೂ ಬೆಳೆದಿಲ್ಲ.